ಎರಡು ಸುಳಿಯ ಹುಡುಗ, ಟೋಕಿಯೊ ಸಂತೆಯಲ್ಲಿ

ಮೈಸೂರು ಬಸ್‌ಸ್ಟ್ಯಾಂಡ್

ಹೊರಡುವ ದಿನ ಅಣ್ಣ ಬರುತ್ತಾನೆ ಅಂದುಕೊಂಡಿರಲಿಲ್ಲ. ಬಂದ. ನಂಜನಗೂಡಿನಲ್ಲಿ ನಾನು ಬಾಡಿಗೆಗಿರುವ ಮಹಡಿ ಕೋಣೆಯ ಕೆಳಗೆ ಸ್ಕೂಟರ್ ನಿಲ್ಲಿಸಿ ಹಾರನ್ ಹೊಡೆದ. ಮೇಲಕ್ಕೆ ಬರಲಿಲ್ಲ, ಹೆಲ್ಮೆಟ್ಟೂ ತೆಗೆಯಲಿಲ್ಲ. ಪುಸ್ತಕ ತುಂಬಿದ ರಟ್ಟಿನ ಪೆಟ್ಟಿಗೆಯನ್ನು ಕಾಲಿನ ಹತ್ತಿರ ಇಟ್ಟುಕೊಂಡ. ಸೂಟ್‌ಕೇಸನ್ನು ನಾನು ನಮ್ಮಿಬ್ಬರ ನಡುವೆ ನಿಲ್ಲಿಸಿಕೊಂಡು ತಬ್ಬಿ ಹಿಡಿದೆ. ಮೈಸೂರಿನವರೆಗೂ ಅದು ಗೋಡೆಯ ಹಾಗೆ ಇತ್ತು. ಅದಿಲ್ಲದಿದ್ದರೂ ನಾವು ಮಾತಾಡುತ್ತಿರಲಿಲ್ಲ.

ಅಣ್ಣನ ಹೆಸರು ಸಿದ್ದರಾಜು. ಹುಲ್ಲಹಳ್ಳಿ ನಾಲೆಯಲ್ಲಿ ನೀರಗಂಟಿ. ಯಾವ ಗದ್ದೆಗೆ ಯಾವಾಗ ತೂಬು ಎತ್ತಬೇಕು, ಇಳಿಸಬೇಕು ಅನ್ನುವುದು ಅವನ ಕೆಲಸ. ನಾನು ಕಾಮಿಕ್ಸ್ ಬರೆಯುತ್ತೇನೆ. ಪ್ರಕಾಶಕರಿಲ್ಲ. ಶಾಲೆಯ ಗೈಡುಗಳಿಗೆ ಹೂವಿನ ಭಾಗಗಳ ಚಿತ್ರ, ಮದುವೆ ಕಾರ್ಡಿನವರಿಗೆ ಬಳ್ಳಿ, ಬಾಳೆಕಂಬ ಬರೆದುಕೊಟ್ಟು ಉಳಿದ ಹೊತ್ತಿನಲ್ಲಿ ನನ್ನ ಪುಟಗಳನ್ನು ಬರೆಯುತ್ತೇನೆ, ನಾನೇ ಅಚ್ಚು ಹಾಕಿಸಿ ನಾನೇ ಪಿನ್ ಹೊಡೆದು ಬೆಂಗಳೂರಿನ ಪುಸ್ತಕ ಸಂತೆಗಳಿಗೆ ಹೊತ್ತುಕೊಂಡು ಹೋಗುತ್ತೇನೆ. ಏನು ಕೆಲಸ ಅಂತ ಯಾರಾದರೂ ಕೇಳಿದರೆ ಅವ್ವ 'ಡ್ರಾಯಿಂಗು' ಅನ್ನುತ್ತಾಳೆ, ಮಾತು ಬದಲಿಸುತ್ತಾಳೆ.

ಅಣ್ಣ ಮುನಿಸಿಕೊಂಡಿದ್ದು ನನ್ನ ಹೊಸ ಪುಸ್ತಕದ ಮೇಲೆ. ಅದು ನಮ್ಮ ಅಪ್ಪನ ಕತೆ. ಅಪ್ಪ ಬೋರ್ಡು ಬರೆಯುವವರು. ಅಂಗಡಿ, ಲಾರಿ, ಸಂಘದ ಕಚೇರಿ, ನಮ್ಮ ಬೀದಿಯ ಬುದ್ಧವಿಹಾರ, ಎಲ್ಲದರ ಅಕ್ಷರವೂ ಅವರದ್ದೇ. ತಲೆಗೆ ಸದಾ ಟವೆಲು ಸುತ್ತಿರುತ್ತಿದ್ದರಂತೆ. 'ಅಂತೆ' ಅನ್ನಬೇಕು, ಯಾಕೆಂದರೆ ನಾನು ಶಾಲೆಗೆ ಸೇರಿದ ಸ್ವಲ್ಪ ಕಾಲಕ್ಕೇ ಅವರು ತೀರಿಕೊಂಡರು. ಕೇಳಿದ್ದನ್ನೆಲ್ಲ ಕಳೆದರೆ ನನಗೆ ಅಪ್ಪನ ಬಗ್ಗೆ ಸ್ವಂತದ ನೆನಪು ಅಂತ ಉಳಿಯುವುದು ಒಂದೇ. ಕಪಿಲೆ ಉಕ್ಕಿ ನಮ್ಮ ಬೀದಿಗೆ ನೀರು ನುಗ್ಗಿದ ಬೆಳಿಗ್ಗೆ ಅಪ್ಪ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಎದೆಮಟ್ಟದ ನೀರಿನಲ್ಲಿ ಹೈಸ್ಕೂಲಿನವರೆಗೆ ನಡೆದದ್ದು. ಅವರ ತಲೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಪುಸ್ತಕ ಮುಗಿಯುವುದು ಅಲ್ಲಿಗೆ.

ಅಚ್ಚಾಗಿ ಬಂದ ದಿನ ಅಣ್ಣ ಬಾಗಿಲಲ್ಲೇ ನಿಂತು ಪುಸ್ತಕವನ್ನು ಪೂರ್ತಿ ತಿರುವಿ ಹಾಕಿದ. ಆಮೇಲೆ, "ಈ ಕೊನೇದು ನೀ ಕಂಡಿದ್ದಾ, ಕೇಳಿದ್ದಾ?" ಅಂದ.

ಕಂಡಿದ್ದು, ಅಂದೆ.

"ಅಪ್ಪ ಅವತ್ತು ಬನ್ನೂರಲ್ಲಿದ್ರು ಕಣವ್ವ. ರೈಸ್‌ಮಿಲ್ ಗ್ವಾಡೆ ಮ್ಯಾಲೆ ಎಸ್ರು ಬರೆಯಕ್ಕೆ ಓಗಿದ್ರು. ರಸ್ತೆ ಕಟ್ಟಾಗೋಯ್ತು. ನಿನ್ನ ಒತ್ಕಂಡು ಓದೋನು ನಾನು." ಪುಸ್ತಕವನ್ನು ಮೇಜಿನ ಮೇಲಿಟ್ಟು, "ಬುಕ್ಕು ಚೆನ್ನಾಗೈತೆ" ಅಂತ ಹೇಳಿ ಹೋದ. ಆಮೇಲೆ ನನ್ನ ಕೋಣೆಯ ಕಡೆ ಬಂದಿರಲಿಲ್ಲ.

ಅವ್ವನನ್ನು ಕೇಳೋಣ ಅಂದರೆ ಅವಳು ಅವತ್ತು ಊರಲ್ಲೇ ಇರಲಿಲ್ಲ. ಅಜ್ಜಿಗೆ ಹುಷಾರಿಲ್ಲವೆಂದು ತವರುಮನೆ ತಿ. ನರಸೀಪುರಕ್ಕೆ ಹೋಗಿದ್ದಳು, ಈಗ ಅಲ್ಲೇ ಇದ್ದಾಳೆ. ಫೋನಿನಲ್ಲಿ ಒಂದೇ ಮಾತು: "ಯಾರೋ ಒತ್ಕಂಡ್ ಓದ್ರು. ಇಬ್ರೂ ಬದುಕ್ಕಂಡ್ರಲ್ಲ, ಅದ್ನ ಬರಿ."

ನಾನು ಇತಿಹಾಸದಲ್ಲಿ ಎಂ.ಎ. ಮಾಡಿದವಳು. ಬಾಯಿಮಾತಿನ ಸಾಕ್ಷ್ಯವನ್ನು ಹೇಗೆ ತೂಗಿ ನೋಡಬೇಕು ಅಂತ ಎರಡು ವರ್ಷ ಪಾಠ ಕೇಳಿದ್ದೇನೆ. ಆ ಲೆಕ್ಕಕ್ಕೆ, ಆಗ ಹೈಸ್ಕೂಲಿನಲ್ಲಿದ್ದ ಅಣ್ಣನ ನೆನಪು ಪುಟ್ಟ ಮಗುವಿನ ನೆನಪಿಗಿಂತ ಗಟ್ಟಿ. ಆದರೆ ಆ ಹೆಗಲನ್ನು ಅಣ್ಣನಿಗೆ ಕೊಟ್ಟರೆ ನನಗೆ ಅಪ್ಪ ಉಳಿಯುವುದಿಲ್ಲ. ಕೊಡದಿದ್ದರೆ ಅಣ್ಣ ಬರುವುದಿಲ್ಲ. ಇದನ್ನು ತೀರ್ಮಾನ ಮಾಡದೆಯೇ ಪೆಟ್ಟಿಗೆ ಕಟ್ಟಿಕೊಂಡು ಟೋಕಿಯೊಗೆ ಹೊರಟಿದ್ದೆ. ಅಲ್ಲಿ ಸಮುದ್ರದ ಪಕ್ಕದ ಒಂದು ದೊಡ್ಡ ಸಭಾಂಗಣದಲ್ಲಿ ನನ್ನಂಥವರದ್ದೇ ಸಂತೆ ನಡೆಯುತ್ತದೆ.

ವಿಮಾನ ನಿಲ್ದಾಣದ ಬಸ್ಸಿಗೆ ಅಣ್ಣ ಸಾಮಾನು ಹಾಕಿದ. ಕಂಡಕ್ಟರ್ ರೈಟ್ ಅಂದಾಗ ಕಿಟಕಿ ತಟ್ಟಿ, "ಅಲ್ಲಿ ಚಳಿ ಐತಂತೆ, ಸ್ವೆಟ್ರು ಮಡಗಿದ್ದೀಯಾ?" ಅಂತ ಕೇಳಿದ. ಮಡಗಿರಲಿಲ್ಲ. ಇದೆ ಅಂತ ತಲೆಯಾಡಿಸಿದೆ.

ಬೆರಳು ತೋರಿಸುವ ರೈಲು

ಇಳಿದ ಕೂಡಲೇ ಕಸ್ಟಮ್ಸಿನವರು ಸೂಟ್‌ಕೇಸು ತೆಗೆಸಿದರು. ತೆಗೆದರೆ ಒಳಗೆಲ್ಲ ಗುಲಾಬಿ ಬಣ್ಣ. ಅವ್ವ ಕೊಟ್ಟಿದ್ದ ಹಲ್ಲುಪುಡಿಯ ಪೊಟ್ಟಣವನ್ನು ನಾನು ಎರಡು ಪುಸ್ತಕದ ಕಟ್ಟುಗಳ ನಡುವೆ ತುರುಕಿದ್ದೆ, ಅದು ಒಡೆದುಹೋಗಿತ್ತು. ಪೆಟ್ಟಿಗೆಗೆ ತೂಕ ಜಾಸ್ತಿಯಾಗುತ್ತದೆಂದು ಒಂದಷ್ಟು ಪುಸ್ತಕಗಳನ್ನು ಸೂಟ್‌ಕೇಸಿಗೆ ಹಾಕಿಕೊಂಡಿದ್ದೆ. ಅವುಗಳ ಅಂಚಿಗೆಲ್ಲ ಪುಡಿ ಮೆತ್ತಿಕೊಂಡಿತ್ತು. ಬಿಳಿ ಕೈಗವಸಿನ ಅಧಿಕಾರಿ ಒಂದು ಚಿಟಿಕೆ ತೆಗೆದು ನೋಡಿದ. ನಾನು ತೋರುಬೆರಳನ್ನು ಹಲ್ಲಿಗೆ ಉಜ್ಜಿ ತೋರಿಸಿದೆ. ಅವನು ನಗಲಿಲ್ಲ. ಮೂಸಿದ, ಯೋಚಿಸಿದ, ಇನ್ನೊಬ್ಬನನ್ನು ಕರೆದ. ಅವನೂ ಮೂಸಿದ. ಇಬ್ಬರೂ ಏನೋ ಮಾತಾಡಿಕೊಂಡು ತಲೆಬಾಗಿಸಿ ಕಳಿಸಿಕೊಟ್ಟರು. ನಮ್ಮ ಕಡೆಯಾಗಿದ್ದರೆ ಅಷ್ಟು ಹೊತ್ತಿಗೆ ಸುತ್ತ ಹತ್ತು ಜನ ನಿಂತು ಆಳಿಗೊಂದು ಸಲಹೆ ಕೊಟ್ಟಿರುತ್ತಿದ್ದರು. ಇಲ್ಲಿ ಹಿಂದಿನವರು ನೆಲ ನೋಡುತ್ತ ಕಾದರು. ಅದೇ ಹೆಚ್ಚು ನಾಚಿಕೆಯಾಯಿತು.

ಊರೊಳಗೆ ಹೋಗುವ ರೈಲಿನಲ್ಲಿ ಮೊದಲನೇ ಬೋಗಿಯಲ್ಲಿ ಜಾಗ ಸಿಕ್ಕಿತು. ಡ್ರೈವರನ ಹಿಂದೆ ಗಾಜು ಇದೆ, ಅವನು ಮಾಡುವುದೆಲ್ಲ ಕಾಣುತ್ತದೆ. ಪ್ರತಿ ಸಿಗ್ನಲ್ ಬಂದಾಗಲೂ ಅವನು ಕೈ ಚಾಚಿ, ಬೆರಳು ಮಾಡಿ ತೋರಿಸಿ, ಏನೋ ಗಟ್ಟಿಯಾಗಿ ಹೇಳುತ್ತಿದ್ದ. ಪಕ್ಕದಲ್ಲಿ ಯಾರೂ ಇಲ್ಲ. ನನಗೆ ಮೊದಲು ಗಾಬರಿಯಾಯಿತು. ಸ್ಟೇಷನ್ನುಗಳಲ್ಲಿ ನೋಡಿದರೆ ಪ್ಲಾಟ್‌ಫಾರಮ್ಮಿನ ನೌಕರನೂ ಹಾಗೆಯೇ, ಖಾಲಿ ಹಳಿಯ ಕಡೆ ಬೆರಳು ತೋರಿಸಿ ಹೇಳುತ್ತಾನೆ. ಆಮೇಲೆ ವಿಚಾರಿಸಿದೆ. ದಿನಾ ಅದೇ ದಾರಿ, ಅದೇ ಸಿಗ್ನಲ್ಲು. ಹಾಗಾಗಿ ನೋಡದೆಯೇ ನೋಡಿದೆ ಅನ್ನಿಸಿಬಿಡುವ ಅಪಾಯ ಇರುತ್ತದಂತೆ. ಅದಕ್ಕೆ ಕಣ್ಣಿಗೆ ಕಂಡದ್ದನ್ನು ಬೆರಳಿನಿಂದ ತೋರಿಸಿ, ಬಾಯಿಂದ ಹೇಳಿ, ಸ್ವಂತ ಕಿವಿಯಿಂದ ಕೇಳಿಸಿಕೊಳ್ಳಬೇಕು. ಹಸಿರು ಅಂದರೆ ಹಸಿರು.

ನಮ್ಮ ಕಂಡಕ್ಟರು ಹಿಂದೆ ತಿರುಗದೆಯೇ ರೈಟ್ ರೈಟ್ ಅನ್ನುತ್ತಾನಲ್ಲ, ಅದು ನೆನಪಾಯಿತು. ಒಮ್ಮೆ ನರಸೀಪುರದ ಬಸ್ಸಿನಲ್ಲಿ ಹಾಗೆ ಅಂದು ಒಬ್ಬ ಮುದುಕಿಯ ಕುಕ್ಕೆಯನ್ನು ಹತ್ತಿಸಿಕೊಂಡು ಮುದುಕಿಯನ್ನೇ ಬಿಟ್ಟು ಹೋಗಿದ್ದೆವು. ಬಸ್ಸಿನಲ್ಲಿದ್ದವರೆಲ್ಲ ನಕ್ಕು ಬೈದು ಹಿಂದಕ್ಕೆ ತಿರುಗಿಸಿದರು. ಈ ರೈಲಿನಲ್ಲಿ ಯಾರೂ ಮಾತಾಡುತ್ತಿರಲಿಲ್ಲ. ಫೋನು ಹಿಡಿದವರೂ ಮಾತಾಡುವುದಿಲ್ಲ. ಅಷ್ಟು ಜನ ಸೇರಿ ಅಷ್ಟು ಸುಮ್ಮನಿದ್ದರೆ ನನಗೆ ಕೂರಲಾಗುವುದಿಲ್ಲ. ಎದ್ದು ನಿಂತೆ, ಮತ್ತೆ ಕೂತೆ, ಪಾಸ್‌ಪೋರ್ಟ್ ಇದೆಯೇ ಅಂತ ನೋಡಿಕೊಂಡೆ. ಅದನ್ನು ನೋಡಿಕೊಂಡದ್ದು ಆ ದಿನ ಅದೆಷ್ಟನೆಯ ಸಲವೋ. ಮುಂದಿನ ಸಲ ಬೆರಳು ತೋರಿಸಿ, ಇದೆ, ಅಂತ ಮೆಲ್ಲಗೆ ಹೇಳಿದೆ. ಪಕ್ಕದವಳು ಒಂದು ಚೂರು ಸರಿದು ಕೂತಳು.

ಅರ್ಧ ಮೇಜು

ಸಂತೆ ಅಂದರೆ ಸಂತೆಯೇ. ಸಕ್ಕರೆ ಕಾರ್ಖಾನೆಯ ಗೋಡೌನುಗಳನ್ನೆಲ್ಲ ಒಟ್ಟಿಗೆ ಸೇರಿಸಿದಷ್ಟು ದೊಡ್ಡ ಜಾಗದಲ್ಲಿ ಉದ್ದಕ್ಕೆ ಮೇಜುಗಳು. ಒಬ್ಬರಿಗೆ ಅರ್ಧ ಮೇಜು, ಒಂದು ಮಡಚುವ ಕುರ್ಚಿ. ಒಬ್ಬಳೇ ಬಂದರೂ 'ಸರ್ಕಲ್', ಅಂದರೆ ಬಳಗ, ಅಂತಲೇ ಕರೆಯುತ್ತಾರೆ. ಬರೆಯುವವರು, ಅಚ್ಚು ಹಾಕಿಸುವವರು, ಮಾರುವವರು ಎಲ್ಲ ಒಬ್ಬರೇ. ನನ್ನ ಎದುರು ಸಾಲಿನಲ್ಲಿ ಒಬ್ಬ ಬರೀ ಮ್ಯಾನ್‌ಹೋಲ್ ಮುಚ್ಚಳಗಳ ಮೇಲೆ ಕಾಮಿಕ್ಸ್ ಮಾಡಿದ್ದ. ಅವನ ಪಕ್ಕದವಳದ್ದು ಹಲ್ಲಿನ ಡಾಕ್ಟರ ಹತ್ತಿರ ಹೋಗಲು ಹೆದರುವ ರಾಕ್ಷಸನ ಕತೆ. ನಾನು ಊರಲ್ಲಿ ಇದುವರೆಗೆ ನನ್ನಂಥ ಒಬ್ಬರನ್ನೂ ನೋಡಿರಲಿಲ್ಲ. ಇಲ್ಲಿ ಕಣ್ಣು ಹಾಯಿಸಿದಷ್ಟೂ ನಾನೇ. ಸಂತೋಷವಾಗಬೇಕಿತ್ತು. ಬದಲಿಗೆ, ಹಾಗಾದರೆ ನಾನು ಯಾಕೆ ಬೇಕು ಅನ್ನಿಸಿತು.

ಮೇಜಿನ ಇನ್ನರ್ಧ ಓಕುದಾ ಅನ್ನುವವರದ್ದು. ಅವ್ವನಿಗಿಂತ ಕೊಂಚ ಚಿಕ್ಕವರು. ವಾರವೆಲ್ಲ ಯಾವುದೋ ಕಚೇರಿಯಲ್ಲಿ ಕೆಲಸ, ಭಾನುವಾರ ಬಸ್‌ಸ್ಟಾಪುಗಳ ಬಗ್ಗೆ ಕಾಮಿಕ್ಸ್. ಬಸ್ಸು ನಿಂತುಹೋದ ಹಳ್ಳಿಗಳಿಗೆ ನಡೆದುಕೊಂಡು ಹೋಗಿ ಅಲ್ಲಿ ಉಳಿದಿರುವ ಬೆಂಚುಗಳನ್ನು ಬರೆಯುತ್ತಾರೆ. ಅವರಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು, ಉಳಿದದ್ದನ್ನು ಫೋನು ಅನುವಾದ ಮಾಡಿ ತೋರಿಸುತ್ತಿತ್ತು. ಬಾಗಿಲು ತೆರೆಯುವ ಮೊದಲು ಅಕ್ಕಪಕ್ಕದವರಿಗೆ ತಮ್ಮ ಹೊಸ ಪುಸ್ತಕ ಕೊಡುವುದು ಅಲ್ಲಿಯ ಪದ್ಧತಿ. ಓಕುದಾ ಎದ್ದು ನಿಂತು ಎರಡೂ ಕೈಯಲ್ಲಿ ಪುಸ್ತಕ ಹಿಡಿದು ಬಾಗಿ ಕೊಟ್ಟರು, ಮೇಲೊಂದು ಪುಟ್ಟ ಮಿಠಾಯಿ ಪೊಟ್ಟಣ. ನಾನೂ ನನ್ನ ಪುಸ್ತಕ ಕೊಟ್ಟೆ, ಅವ್ವ ಕಟ್ಟಿಕೊಟ್ಟಿದ್ದ ಕೋಡುಬಳೆಯನ್ನೂ ಕೊಟ್ಟೆ. ಅವರು ಒಂದು ಕಚ್ಚಿ, ಕಣ್ಣಲ್ಲಿ ನೀರು ತುಂಬಿಕೊಂಡು, ಫೋನಿನಲ್ಲಿ ಏನೋ ಬರೆದು ತೋರಿಸಿದರು: "ಇದು ಹೋರಾಟ." ಆಮೇಲೆ ಇನ್ನೊಂದಕ್ಕೆ ಕೈ ಹಾಕಿದರು.

ಹೊತ್ತಾಯಿತು ಅಂತ ಮೈಕಿನಲ್ಲಿ ಹೇಳಿದ ತಕ್ಷಣ ಇಡೀ ಸಭಾಂಗಣ ಚಪ್ಪಾಳೆ ತಟ್ಟಿತು. ಮುಖ್ಯ ಅತಿಥಿಯನ್ನು ಹುಡುಕುತ್ತ ಎದ್ದು ನಿಂತೆ. ಯಾರೂ ಇರಲಿಲ್ಲ. ವೇದಿಕೆಯೂ ಇರಲಿಲ್ಲ. ಸಂತೆ ಶುರುವಾದದ್ದಕ್ಕೆ ಚಪ್ಪಾಳೆ. ಹಾರ ಇಲ್ಲದೆ, ಸ್ವಾಗತ ಭಾಷಣ ಇಲ್ಲದೆ ಒಂದು ಕಾರ್ಯಕ್ರಮ ಶುರುವಾಗುವುದನ್ನು ನಾನು ಅಲ್ಲೇ ಮೊದಲು ನೋಡಿದ್ದು.

ಬಲಗಡೆಯಿಂದ

ಬಂದವರು ಮೊದಲು, ನೋಡಬಹುದೇ, ಅಂತ ಕೇಳುತ್ತಾರೆ. ಹೂಂ ಅಂದಮೇಲೆ ಮುಟ್ಟುತ್ತಾರೆ. ನಿಂತಲ್ಲೇ ಪೂರ್ತಿ ಓದುತ್ತಾರೆ, ಮುಖದಲ್ಲಿ ಏನೂ ತೋರಿಸುವುದಿಲ್ಲ, ಮುಚ್ಚಿಟ್ಟು ಬಾಗಿ ಹೋಗುತ್ತಾರೆ ಅಥವಾ ಕೊಳ್ಳುತ್ತಾರೆ. ಬೆಂಗಳೂರಿನಲ್ಲಾದರೆ ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಿ, "ಇದು ಮಕ್ಕಳಿಗಾ ಮೇಡಂ?" ಅನ್ನುತ್ತಾರೆ. ಆ ಪ್ರಶ್ನೆ ಬಂದರೆ ಸಾಕು, ಮೈಯುರಿಯುತ್ತದೆ. ಇಲ್ಲಿ ಅದನ್ನೂ ಯಾರಾದರೂ ಕೇಳಲಿ ಅನ್ನಿಸುವಷ್ಟು ಮೌನ. ನಾನು ಕೂರುವುದು, ಏಳುವುದು, ನೀರು ಕುಡಿಯುವುದು, ಪುಸ್ತಕಗಳ ಸಾಲನ್ನು ಸರಿಮಾಡುವುದು, ಕೆಡಿಸುವುದು. ಪುಸ್ತಕದ ಗುಲಾಬಿ ಅಂಚನ್ನು ಎಲ್ಲರೂ ಬೇಕೆಂದೇ ಮಾಡಿಸಿದ ಅಲಂಕಾರ ಅಂದುಕೊಂಡಿದ್ದರು. ಒಬ್ಬಳು ಮೂಸಿ ನೋಡಿ, ಲವಂಗ, ಅಂದಳು. ಕೊಂಡುಕೊಂಡಳು.

ಬಹಳ ಹೊತ್ತಿನ ಮೇಲೆ ನನಗೆ ಹೊಳೆಯಿತು, ಅವರೆಲ್ಲ ನನ್ನ ಪುಸ್ತಕವನ್ನು ಹಿಂದಿನಿಂದ ಓದುತ್ತಿದ್ದರು.

ಅವರ ಕಾಮಿಕ್ಸ್ ಬಲದಿಂದ ಎಡಕ್ಕೆ ಹೋಗುತ್ತದೆ. ನಮ್ಮ ಕೊನೆಯ ರಟ್ಟು ಅವರಿಗೆ ಮೊದಲನೆಯದು. ಬೇರೆ ದೇಶದ್ದು ಬೇರೆ ಥರ ಅಂತ ಅವರಿಗೆ ಗೊತ್ತು, ಆದರೆ ಕೈಗೆ ಅಭ್ಯಾಸ. ಮೊದಲ ಪುಟಗಳಲ್ಲಿ ಕನ್ನಡ ತುಂಬಿದೆ, ಕೊನೆಯ ನೆರೆಯ ಪುಟಗಳಲ್ಲಿ ಮಾತೇ ಇಲ್ಲ. ಮಾತಿಲ್ಲದ ಕಡೆಯಿಂದ ಶುರುಮಾಡುವುದು ಅವರಿಗೆ ಸಹಜವಾಗಿಯೇ ಕಂಡಿರಬೇಕು. ನಾನು ಬರೆದದ್ದು ನೀರು ನುಗ್ಗಿದ ಮನೆಯಿಂದ ಶಾಲೆಗೆ ಹೋಗುವ ಕತೆ. ಅವರು ಓದಿದ್ದು ಒಣಗಿದ ಶಾಲೆಯಿಂದ ಎದ್ದು, ಮಗುವನ್ನು ಹೆಗಲಿಗೇರಿಸಿಕೊಂಡು, ನೀರಿಗಿಳಿದು, ಮುಳುಗಿದ ಮನೆಗೆ ವಾಪಸ್ಸು ಹೋಗುವ ಕತೆ. ತಕ್ಷಣ ಒಂದು ಕಾರ್ಡಿನ ಮೇಲೆ ದೊಡ್ಡ ಬಾಣ ಬರೆದು, ಈ ಕಡೆಯಿಂದ ಓದಿ, ಅಂತ ಓಕುದಾ ಅವರ ಕೈಯಲ್ಲಿ ಅವರ ಭಾಷೆಯಲ್ಲಿ ಬರೆಸಿ ನಿಲ್ಲಿಸಿದೆ.

ಅದನ್ನು ಬರೆದುಕೊಟ್ಟ ಮೇಲೆ ಅವರು ಸ್ವಲ್ಪ ಮುಖ ಕೆಂಪು ಮಾಡಿಕೊಂಡು, ನಾನೂ ಹಿಂದಿನಿಂದಲೇ ಓದಿಬಿಟ್ಟೆ, ಅಂದರು. ಆಮೇಲೆ ಕೊನೆಯ ಪುಟ ತೆರೆದು, "ಈ ಹುಡುಗನಿಗೆ ಎಷ್ಟು ವಯಸ್ಸು?" ಅಂತ ಕೇಳಿದರು.

ಯಾವ ಹುಡುಗ ಅಂದೆ.

"ತಂಗಿಯನ್ನು ಹೊತ್ತುಕೊಂಡು ಮನೆಗೆ ಹೋಗುತ್ತಿದ್ದಾನಲ್ಲ, ಇವನು."

ನೆರೆಯ ಪುಟಗಳನ್ನೆಲ್ಲ ನಾನು ಹೆಗಲ ಮೇಲೆ ಕೂತ ಮಗುವಿನ ಕಣ್ಣಿನಿಂದ ಬರೆದಿದ್ದೆ. ಕೆಳಗೆ ಒಂದು ತಲೆ, ತಲೆಯ ಆಚೆ ನೀರು. ಮುಖ ಎಲ್ಲೂ ಕಾಣುವುದಿಲ್ಲ. ಅದು ಹುಡುಗ ಅಲ್ಲ, ನಮ್ಮ ಅಪ್ಪ, ಅಂದೆ. ಓಕುದಾ ಎದ್ದು ನಿಂತು ಕ್ಷಮೆ ಕೇಳಿದರು, ಕೂತು ಇನ್ನೊಮ್ಮೆ ಕ್ಷಮೆ ಕೇಳಿದರು. ಆದರೆ ಪುಟ ಬಿಡಲಿಲ್ಲ. ಫೋನಿನಲ್ಲಿ ನಿಧಾನವಾಗಿ ಬರೆದರು. ಕತ್ತು ಸಣ್ಣಗಿದೆ, ಕಿವಿ ದೊಡ್ಡದು, ಅದಕ್ಕೇ ಹುಡುಗ ಅಂದುಕೊಂಡೆ. ನೆತ್ತಿಯಲ್ಲಿ ಎರಡು ಸುಳಿ ಇದೆ, ನನ್ನ ಮಗನಿಗೂ ಹಾಗೆಯೇ ಇತ್ತು, ಎಷ್ಟು ಬಾಚಿದರೂ ಕೂದಲು ಕೂರುತ್ತಿರಲಿಲ್ಲ.

ಪುಸ್ತಕವನ್ನು ಇಸಿದುಕೊಂಡು ನೋಡಿದೆ. ಇತ್ತು. ಒಂದು ಚೌಕದಲ್ಲಿ ಅಲ್ಲ, ಎಲ್ಲದರಲ್ಲೂ. ನೆತ್ತಿಯ ಮೇಲೆ ಒಂದಕ್ಕೊಂದು ಎದುರಾಗಿ ಸುತ್ತುವ ಎರಡು ಸುಳಿ.

ಅಣ್ಣನದು ಎರಡು ಸುಳಿ. ಎರಡು ಸುಳಿ ಇದ್ದವನಿಗೆ ಎರಡು ಮದುವೆ ಅಂತ ನಮ್ಮ ಬೀದಿಯ ಹೆಂಗಸರು ಅವನನ್ನು ಗೋಳುಹೊಯ್ದುಕೊಳ್ಳುತ್ತಿದ್ದರು. ಅತ್ತಿಗೆ ಈಗಲೂ ಅವನು ತಡವಾಗಿ ಬಂದರೆ, "ಯಾಕ್ರೀ, ಎರಡ್ನೇ ಸುಳಿ ಕಡೆ ಓಗಿದ್ರಾ?" ಅನ್ನುತ್ತಾಳೆ.

ಕುರ್ಚಿಯಲ್ಲಿ ಕೂರಲಾಗದೆ

ಓಕುದಾ ಅವರಿಗೆ ನನ್ನ ಅರ್ಧ ಮೇಜು ನೋಡಿಕೊಳ್ಳಲು ಹೇಳಿ ಎದ್ದೆ. ಸಾಲು ಸಾಲು ಸುತ್ತಿದೆ. ಎಲ್ಲೆಲ್ಲೂ ಜನ ತಮ್ಮ ತಮ್ಮ ಬಾಲ್ಯವನ್ನು, ಬೆಕ್ಕನ್ನು, ಆಸ್ಪತ್ರೆಯನ್ನು, ಮೊದಲ ಪ್ರೀತಿಯನ್ನು ಚೌಕಗಳಲ್ಲಿ ಹಾಕಿ ಮಾರುತ್ತಿದ್ದರು. ಇವರೆಲ್ಲರ ಮನೆಯಲ್ಲೂ ಒಬ್ಬೊಬ್ಬ ಅಣ್ಣ ಬಾಗಿಲಲ್ಲಿ ನಿಂತು, ಕಂಡಿದ್ದಾ ಕೇಳಿದ್ದಾ, ಅಂತ ಕೇಳಿರಬಹುದೇ?

ಕೈಗೆ ನೆನಪಿರುತ್ತದೆ ಅನ್ನುತ್ತಾರೆ. ಕೇಳಲು ಚೆನ್ನಾಗಿದೆ, ನಾನು ನಂಬುವುದಿಲ್ಲ. ಕೈಗೆ ಇರುವುದು ಅಭ್ಯಾಸ. ಇಲ್ಲಿಯವರ ಕೈ ಬಲದಿಂದ ಪುಟ ತಿರುವುತ್ತದಲ್ಲ, ಹಾಗೆ. ನಾನು ಹುಡುಗಿಯಾಗಿದ್ದಾಗ ಗಂಡಸರ ತಲೆ ಬರೆಯುವುದು ಕಲಿತದ್ದು ಅಣ್ಣನನ್ನು ನೋಡಿಕೊಂಡು; ಬೇರೆ ಯಾವ ಗಂಡಸು ನನ್ನೆದುರು ಸುಮ್ಮನೆ ಕೂರುತ್ತಿದ್ದ? ಅದೂ ಅಲ್ಲದೆ ನನ್ನ ಹೈಸ್ಕೂಲು ಮುಗಿಯುವವರೆಗೂ ಅವನ ಸೈಕಲ್ಲಿನ ಕ್ಯಾರಿಯರ್ ಮೇಲೆ ಕೂತು ಹೋಗಿದ್ದೇನೆ. ಕಣ್ಣೆದುರು ಯಾವಾಗಲೂ ಅದೇ ತಲೆ. ಸುಳಿ ಅಲ್ಲಿಂದಲೇ ಬಂದಿರಬೇಕು. ಇದು ಸಾಕ್ಷ್ಯವಲ್ಲ ಅಂತ ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡ ಮೇಲೆ ಸಮಾಧಾನವಾಗಬೇಕಿತ್ತು, ಆಗಲಿಲ್ಲ. ಯಾಕೆಂದರೆ ಪುಸ್ತಕದ ಮೊದಲರ್ಧದಲ್ಲಿ ಎಲ್ಲ ಕಡೆ ಅಪ್ಪನ ತಲೆಗೆ ಟವೆಲು ಸುತ್ತಿದ್ದೇನೆ. ನೀರಿನ ಪುಟಗಳಲ್ಲಿ ಇಲ್ಲ. ಬರೆಯುವಾಗ, ಮಳೆಗೆ ಬಿದ್ದುಹೋಗಿರಬೇಕು, ಅಂತ ಒಂದು ಕಾರಣ ಕೊಟ್ಟುಕೊಂಡದ್ದು ನೆನಪಿದೆ. ಅಥವಾ ಆ ಕಾರಣವನ್ನು ಆ ದಿನ ಸಭಾಂಗಣದಲ್ಲಿ ಸುತ್ತುವಾಗ ಕಟ್ಟಿಕೊಂಡೆನೋ. ಈಗ ಬರೆಯುವಾಗ ಎರಡೂ ಒಂದೇ ಥರ ಕಾಣುತ್ತವೆ.

ಕಟ್ಟಡದ ಹಿಂದೆ ಸಮುದ್ರ. ಗೋಡೆಗೆ ಒರಗಿಕೊಂಡು ಹೊಸ ಪುಸ್ತಕ ಓದುತ್ತಿದ್ದ ಜನ ಅಲ್ಲೂ ಇದ್ದರು. ಚಳಿ ಇತ್ತು, ಸ್ವೆಟರ್ ಇರಲಿಲ್ಲ. ಜೊತೆಗೆ ತಂದಿದ್ದ ನನ್ನ ಪುಸ್ತಕ ತೆರೆದು, ರೈಲಿನವನ ಹಾಗೆ ಪುಟದ ಮೇಲೆ ಬೆರಳಿಟ್ಟೆ. "ಇದು ಅಪ್ಪ" ಅಂದೆ. ನನ್ನ ಕಿವಿಗೇ ಅದು ಹೇಳಿಕೊಟ್ಟ ಪಾಠದ ಹಾಗೆ ಕೇಳಿಸಿತು. ಇನ್ನೊಂದು ಮಾತು ಹೇಳಿ ನೋಡೋಣ ಅಂತ ಬಾಯಿ ತೆರೆದೆ. ಹೇಳಲಿಲ್ಲ. ಹೇಳಿದ ಮೇಲೆ ವಾಪಸ್ಸು ತೆಗೆದುಕೊಳ್ಳಲು ಆಗುವುದಿಲ್ಲ ಅನ್ನಿಸಿತು.

ವಾಪಸ್ಸು ಬರುವಷ್ಟರಲ್ಲಿ ಓಕುದಾ ನನ್ನ ಪುಸ್ತಕಗಳನ್ನು ಮಾರಿ, ಬಾಣದ ಕಾರ್ಡನ್ನು ಇನ್ನೊಮ್ಮೆ ಅಂದವಾಗಿ ಬರೆದಿಟ್ಟಿದ್ದರು. ಸಂಜೆ, ಸಂತೆ ಮುಗಿಯಿತು ಅಂತ ಘೋಷಿಸಿದಾಗ ಮತ್ತೆ ಚಪ್ಪಾಳೆ. ಈ ಸಲ ನಾನೂ ತಟ್ಟಿದೆ. ಆಮೇಲೆ ಯಾರೂ ಹೇಳದೆಯೇ ಎಲ್ಲರೂ ಕುರ್ಚಿ ಮಡಚಿ ಸಾಲಾಗಿ ಜೋಡಿಸತೊಡಗಿದರು.

ನದಿ ದಡದ ಬೆಂಚು

ಮರುದಿನ ಓಕುದಾ ಕಚೇರಿಗೆ ರಜೆ ಹಾಕಿ, ನಿಮಗೆ ಒಂದು ಬಸ್‌ಸ್ಟಾಪು ತೋರಿಸುತ್ತೇನೆ, ಅಂತ ಕರೆದುಕೊಂಡು ಹೋದರು. ನದಿಯ ಏರಿಯ ಮೇಲೆ ಒಂದು ಬೆಂಚು, ಅಷ್ಟೇ. ಬಸ್ಸು ನಿಂತು ವರ್ಷಗಳಾಗಿವೆ. ಆದರೂ ಯಾರೋ ಬೆಂಚಿನ ಮೇಲೆ ಪುಟ್ಟ ದಿಂಬು ಹೊಲಿದು ಕಟ್ಟಿದ್ದರು. ನಮ್ಮಲ್ಲಾದರೆ ಅಷ್ಟು ಹೊತ್ತಿಗೆ ಅಲ್ಲೊಂದು ಚುರುಮುರಿ ಗಾಡಿ, ನಾಲ್ಕು ಆಟೊ ಬಂದಿರುತ್ತಿದ್ದವು. ಅಲ್ಲಿ ಗಾಳಿ ಬಿಟ್ಟು ಏನೂ ಇರಲಿಲ್ಲ. ನದಿ ಕಾಂಕ್ರೀಟು ಗೋಡೆಗಳ ನಡುವೆ ಹೇಳಿದ ಮಾತು ಕೇಳುವ ಮಗುವಿನ ಹಾಗೆ ಹರಿಯುತ್ತಿತ್ತು. ಕಪಿಲೆಯನ್ನು ಹೀಗೆ ಕೂರಿಸಲು ಆಗುತ್ತದೆಯೇ ಅಂತ ಯೋಚಿಸಿ ನಗು ಬಂತು. ಅಣ್ಣ ನೋಡಿದ್ದರೆ ಮೊದಲು ಗೇಟು ಎಲ್ಲಿದೆ ಅಂತ ಕೇಳುತ್ತಿದ್ದ.

ಅಲ್ಲಿ ಕೂತು ಅವರು ವಿಷಯ ತೆಗೆದರು. ಅವರೂ ಅವರ ಸ್ನೇಹಿತರೂ ವರ್ಷಕ್ಕೊಮ್ಮೆ ಎಲ್ಲರ ಪುಟಗಳನ್ನು ಸೇರಿಸಿ ಒಂದು ಪುಸ್ತಕ ಮಾಡುತ್ತಾರೆ. ಅದಕ್ಕೆ ನನ್ನ ನೆರೆಯ ಪುಟಗಳು ಬೇಕು. ಎಡದಿಂದಲೋ ಬಲದಿಂದಲೋ ಅನ್ನುವುದು ನನ್ನ ಇಷ್ಟ. ಮಾತಿಲ್ಲದ ಪುಟಗಳಾದ್ದರಿಂದ ಹೊತ್ತವರು ಯಾರು ಅಂತ ಕೆಳಗೆ ಒಂದು ಸಾಲು ಮಾತ್ರ ಇರಬೇಕು.

"ಅಪ್ಪ ಅಂತ ಹಾಕಲೇ?" ಅಂತ ಕೇಳಿದರು. ನಾನು ಹಿಂದಿನ ದಿನ ಹಾಗೆ ಹೇಳಿದ್ದೆನಲ್ಲ.

ಊರಿಗೆ ಹೋಗಿ ಕಳಿಸುತ್ತೇನೆ, ಅಂದೆ. ಓಕುದಾ ಏಳುವ ಮುಂಚೆ ದಿಂಬಿನ ಸಡಿಲವಾದ ದಾರವನ್ನು ಗಂಟು ಹಾಕಿದರು. ಬೀಳ್ಕೊಡುವಾಗ ಒಂದು ಉಣ್ಣೆಯ ಶಾಲು ಹೊದಿಸಿ, ನಾನು ಮೂಲೆ ತಿರುಗುವವರೆಗೂ ಕೈ ಬೀಸುತ್ತ ನಿಂತಿದ್ದರು. ಆ ಊರಿನಲ್ಲಿ ಹಾಗೆ ನಿಲ್ಲುವುದು ರೂಢಿಯಂತೆ. ತಿರುಗಿ ತಿರುಗಿ ನೋಡಿ ಎರಡು ಕಡೆ ಕಂಬಕ್ಕೆ ಡಿಕ್ಕಿ ಹೊಡೆದೆ.

ತಾಂಡವಪುರ

ಮೈಸೂರಿನಲ್ಲಿ ಬಸ್ಸಿನ ಮೆಟ್ಟಿಲ ಮೇಲೆ ನಿಂತಾಗ ಅಣ್ಣ ಕೆಳಗೆ ನನಗೆ ಬೆನ್ನು ಮಾಡಿ ಇನ್ನೊಂದು ಬಾಗಿಲ ಕಡೆ ನೋಡುತ್ತಿದ್ದ. ಹೆಲ್ಮೆಟ್ಟು ಕೈಯಲ್ಲಿತ್ತು. ಮೇಲಿನಿಂದ ಅವನ ನೆತ್ತಿ ಪೂರ್ತಿ ಕಂಡಿತು. ದಾರಿಯುದ್ದಕ್ಕೂ, ಇಳಿದ ಕೂಡಲೇ ಮೊದಲು ಅದನ್ನೇ ನೋಡಬೇಕು ಅಂದುಕೊಂಡು ಬಂದಿದ್ದೆ. ಸುಳಿ ಇರಬೇಕಾದ ಜಾಗದಲ್ಲಿ ಕೂದಲೇ ಇರಲಿಲ್ಲ. ತಂಬಿಗೆಯ ತಳದ ಹಾಗೆ ನುಣ್ಣಗಿತ್ತು. ಯಾವಾಗ ಹೀಗಾಯಿತು? ಹಬ್ಬಕ್ಕೆ, ಮದುವೆಗೆ ಎಷ್ಟು ಸಲ ನೋಡಿದ್ದೇನೆ. ನೋಡಿದ್ದೇನೆ ಅಂದ ಮಾತ್ರಕ್ಕೆ ನೋಡಿದ್ದೇನೆಯೇ?

ರಟ್ಟಿನ ಪೆಟ್ಟಿಗೆ ಖಾಲಿಯಾಗಿತ್ತು, ಟೋಕಿಯೊದಲ್ಲೇ ಬಿಟ್ಟು ಬಂದಿದ್ದೆ. ಸೂಟ್‌ಕೇಸನ್ನು ಅಣ್ಣ ಮುಂದೆ ಇಟ್ಟುಕೊಂಡ. ತಾಂಡವಪುರದಲ್ಲಿ ಟೀ ಕುಡಿಯಲು ನಿಲ್ಲಿಸಿದ. ಶಾಲನ್ನು ನೋಡಿ, "ಸ್ವೆಟ್ರು ಒಯ್ದಿರ್ನಿಲ್ಲ ತಾನೆ?" ಅಂದ. ಆಮೇಲೆ ಲೋಟ ತಿರುಗಿಸುತ್ತ, "ಏನಂದ್ರು ಅಲ್ಲಿನೋರು?" ಅಂತ ಕೇಳಿದ.

ಹಿಂದಿನಿಂದ ಓದಿದರು ಅಂತ ಹೇಳಿದೆ. ಒಬ್ಬರು, ಈ ಹುಡುಗನಿಗೆ ವಯಸ್ಸೆಷ್ಟು ಅಂತ ಕೇಳಿದರು ಅಂತಲೂ ಹೇಳಿದೆ. ಅಣ್ಣ ಲೋಟವನ್ನು ಕೆಳಗಿಟ್ಟ.

"ಅಪ್ಪನೂ ಎತ್ಕಂಡಿದ್ರು ಕಣವ್ವ" ಅಂದ. "ಆಮೇಲೆ. ನೀರಿಳಿದ ಮ್ಯಾಲೆ ಬನ್ನೂರಿಂದ ಬಂದ್ರು. ಕೈಯೆಲ್ಲ ಪೇಂಟು. ನಾವು ಸ್ಕೂಲ್ ಜಗ್ಲಿ ಮ್ಯಾಲೆ ಗಂಜಿಗೆ ಕುಂತಿದ್ದೋ. ನಿನ್ನ ಎತ್ತಿ ಎಗಲ ಮ್ಯಾಲೆ ಕೂರಿಸ್ಕಂಡೋರು ಸಂಜೆಗಂಟ ಇಳಿಸ್ನಿಲ್ಲ. ನಾನು ನೋಡ್ತಾ ಕುಂತಿದ್ದೆ."

ಅವನು ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾನೆಯೇ ಅನ್ನುವ ಅನುಮಾನ ಆಗಲೂ ಬಂತು, ಈಗಲೂ ಇದೆ. ಆದರೆ ನಾನು ಕೊನೆಯ ಮಾತಿನಲ್ಲಿ ಸಿಕ್ಕಿಕೊಂಡೆ. ಅಷ್ಟು ನೀರಿನಲ್ಲಿ ನನ್ನನ್ನು ಹೊತ್ತು ತಂದವನು ಅವನು. ಅಪ್ಪ ಬಂದು ಎತ್ತಿಕೊಂಡದ್ದು ನನ್ನನ್ನು. ಅವನು ನೋಡುತ್ತ ಕೂತಿದ್ದ. ಈಗ ನಾನು ಬರೆದ ಪುಸ್ತಕದಲ್ಲೂ ಅವನು ಇರಲಿಲ್ಲ.

ಸ್ಕೂಟರ್ ಹತ್ತಿದೆವು. ನಡುವೆ ಸೂಟ್‌ಕೇಸು ಇಲ್ಲದ್ದರಿಂದ ಅವನ ಬೆನ್ನು ಮುಖಕ್ಕೇ ಬರುತ್ತಿತ್ತು. ಹೆಲ್ಮೆಟ್ಟು, ಅದರ ಕೆಳಗೆ ಎರಡು ಬೆರಳು ಕತ್ತು, ಆಮೇಲೆ ಕಾಲರು. ಹೆಲ್ಮೆಟ್ಟು ಇಲ್ಲದಿದ್ದರೂ ಇಲ್ಲಿಂದ ನೆತ್ತಿ ಕಾಣುವುದಿಲ್ಲ. ಸೈಕಲ್ಲಿನ ಕ್ಯಾರಿಯರ್ ಇನ್ನೂ ಕೆಳಗೆ, ನಾನು ಇನ್ನೂ ಗಿಡ್ಡಗಿದ್ದೆ. ಅಲ್ಲಿಂದ ಕಂಡದ್ದು ಬರೀ ಅಂಗಿ. ಇಷ್ಟು ಸರಳವಾದದ್ದನ್ನು ಟೋಕಿಯೊದಲ್ಲಿ ಅಷ್ಟು ಸುತ್ತಿದರೂ ನಾನು ಯೋಚಿಸಿರಲಿಲ್ಲ.

ಕಪಿಲೆಯ ಸೇತುವೆ ಬಂತು. ನೀರು ತಳದಲ್ಲಿತ್ತು, ಕಲ್ಲಿನ ಮೇಲೆ ಬಟ್ಟೆಗಳು ಒಣಗುತ್ತಿದ್ದವು. ಆ ಪುಟಗಳ ಕೆಳಗೆ ಯಾರು ಹೊತ್ತವರು ಅಂತ ಬರೆದು ಕಳಿಸಬೇಕು, ಅಂತ ಅವನ ಕಿವಿಯ ಹತ್ತಿರ ಬಾಗಿ ಹೇಳಿದೆ.

"ಅಣ್ಣ, ನಿಂಗೆ ಎರಡು ಸುಳಿ ಇತ್ತಲ್ವಾ?"

ಅವನು ಹಿಂದೆ ತಿರುಗಲಿಲ್ಲ. ಗಾಳಿಗೆ ಕೇಳಿಸಲಿ ಅಂತ ಗಟ್ಟಿಯಾಗಿ ಹೇಳಿದ:

"ಇತ್ತು ಅಂತ ಅವ್ವ ಅನ್ನೋಳು, ಬೀದಿಯೋರು ಅನ್ನೋರು. ನಾನು ಕೇಳಿದ್ದು ಅಷ್ಟೇಯ. ನನ್ ನೆತ್ತಿ ನಾನೆಲ್ಲಿ ಕಂಡಿದ್ದೀನವ್ವ? ಮ್ಯಾಲೆ ಕುಂತಿದ್ದೋಳು ನೀನು."